ಕೊಟ್ಟವ ಕೋಡಂಗಿ ಆಗಬಾರದು: ರೋಗದ ಮಾಹಿತಿ ಗಡಿ ದಾಟುವಾಗ ಆಗುವುದೇನು?

2021ರ ನವೆಂಬರ್ ಕೊನೆಯ ವಾರ ನೆನಪಿದೆಯಾ? ಧಾರವಾಡದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಸಮಾರಂಭ ಮುಗಿದ ಕೆಲವೇ ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ ಕೋವಿಡ್ ತಗುಲಿತ್ತು. ಅವರಲ್ಲಿ ಹೆಚ್ಚಿನವರು ಎರಡೂ ಡೋಸ್ ಲಸಿಕೆ ಹಾಕಿಸಿಕೊಂಡವರೇ. ಅದೇ ವಾರ, ನವೆಂಬರ್ 24ರಂದು, ತನ್ನಲ್ಲಿ ಹೊಸ ರೂಪಾಂತರಿ ಕಾಣಿಸಿಕೊಂಡಿದೆ ಎಂದು ದಕ್ಷಿಣ ಆಫ್ರಿಕಾ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿತು. ಎರಡು ದಿನದಲ್ಲಿ ಅದಕ್ಕೆ ಒಮಿಕ್ರಾನ್ ಅಂತ ಹೆಸರು ಬಿತ್ತು. ಧಾರವಾಡದ್ದೂ ಅದೇ ಇರಬಹುದಾ ಎಂಬ ಭಯ ಹುಟ್ಟಿದ್ದು ಸಹಜ. ಗಂಟಲು ದ್ರವದ ಮಾದರಿಗಳು ಜೀನೋಮ್ ಪರೀಕ್ಷೆಗೆ, ಅಂದರೆ ವೈರಸ್ಸಿನ ವಂಶವಾಹಿ ಓದುವ ಪರೀಕ್ಷೆಗೆ, ಹೋದವು.

ಇಲ್ಲಿ ಒಂದು ವಿಷಯ ಗಮನಿಸಿ. ಯಾವುದೇ ಲ್ಯಾಬ್ "ಇದು ಒಮಿಕ್ರಾನ್, ಇದು ಅಲ್ಲ" ಎಂದು ಹೇಳಬೇಕಾದರೆ, ಒಮಿಕ್ರಾನ್ ಹೇಗಿರುತ್ತದೆ ಅಂತ ಅದಕ್ಕೆ ಮೊದಲೇ ಗೊತ್ತಿರಬೇಕು. ಅದನ್ನು ತೋರಿಸಿಕೊಟ್ಟವರು ಬೋಟ್ಸ್ವಾನಾ ಮತ್ತು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು. ತಮಗೆ ಸಿಕ್ಕ ವೈರಸ್ಸಿನ ಪೂರ್ತಿ ಜೀನೋಮ್ ಮಾಹಿತಿಯನ್ನು ಅವರು ಜಿಐಎಸ್‌ಎಐಡಿ ಎಂಬ ಅಂತರರಾಷ್ಟ್ರೀಯ ಭಂಡಾರಕ್ಕೆ ಹಾಕಿದರು. ಅದಕ್ಕೆ ಪ್ರತಿಯಾಗಿ ಅವರಿಗೆ ಸಿಕ್ಕಿದ್ದೇನು? ಬ್ರಿಟನ್, ಯುರೋಪಿನ ದೇಶಗಳು, ಅಮೆರಿಕ, ಒಂದರ ಹಿಂದೆ ಒಂದು ಆ ಭಾಗದಿಂದ ಬರುವವರಿಗೆ ಬಾಗಿಲು ಹಾಕಿದವು.

ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂತ ಗಾದೆ ಇದೆ ಅಲ್ವಾ? ಆರೋಗ್ಯ ಸಂಶೋಧನೆ ದೇಶದಿಂದ ದೇಶಕ್ಕೆ ಹೋಗುವ ವಿಷಯದಲ್ಲಿ ಈಗ ನಡೆಯುತ್ತಿರುವ ಜಗಳದ ಬುಡ ಇದೇ.

ಆದರೆ ಸುದ್ದಿ ನಮಗೆ ತುಂಡು ತುಂಡಾಗಿ ಬರುತ್ತಿದೆ. ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆ ಬಿಟ್ಟಿತು ಅಂತ ಒಂದು ದಿನ. ಜಿನೀವಾದಲ್ಲಿ ಮಹಾಸಾಂಕ್ರಾಮಿಕದ ಒಪ್ಪಂದ ಆಯಿತು, ಆದರೆ ಅದರ ಅನುಬಂಧ ಆಗಿಲ್ಲ ಅಂತ ಇನ್ನೊಂದು ದಿನ. ಈ ನಡುವೆ ವಾಟ್ಸಾಪಿನಲ್ಲಿ "ಇನ್ನು ಮುಂದೆ ಹುಬ್ಬಳ್ಳಿಯಲ್ಲಿ ಲಾಕ್‌ಡೌನ್ ಮಾಡುವುದು ಜಿನೀವಾದವರು" ಎಂಬಂಥ ಸಂದೇಶಗಳು. ಒಂದೊಂದಾಗಿ ಬಿಡಿಸಿ ನೋಡೋಣ.

ಮೂರು ಬೇರೆ ಬೇರೆ ಸಾಮಾನು

"ಸಂಶೋಧನೆ ಹಂಚಿಕೊಳ್ಳುವುದು" ಎಂದಾಗ ನಾವು ಮೂರು ಸಂಗತಿಗಳನ್ನು ಒಂದೇ ಚೀಲಕ್ಕೆ ಹಾಕಿಬಿಡುತ್ತೇವೆ. ಒಂದು, ರೋಗಾಣುವಿನ ಮಾದರಿ. ಅಂದರೆ ರೋಗಿಯ ರಕ್ತ, ಗಂಟಲು ದ್ರವ, ಅದರಿಂದ ಬೆಳೆಸಿದ ವೈರಸ್. ಎರಡು, ಆ ವೈರಸ್ಸಿನ ಜೀನೋಮ್ ಮಾಹಿತಿ. ಇದು ಕಂಪ್ಯೂಟರಿನಲ್ಲಿರುವ ಅಕ್ಷರಗಳ ಸಾಲು ಅಷ್ಟೆ, ಬಾಟಲಿಯೂ ಬೇಡ ವಿಮಾನವೂ ಬೇಡ. ಮೂರು, ಯಾವ ಔಷಧ ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬ ಫಲಿತಾಂಶ.

ಇಪ್ಪತ್ತು ವರ್ಷದ ಹಿಂದೆ ಲಸಿಕೆ ಮಾಡಲು ಮೊದಲನೆಯದು ಬೇಕೇ ಬೇಕಿತ್ತು. ಈಗ ಎರಡನೆಯದೇ ಸಾಕಾಗುತ್ತದೆ. 2020ರ ಜನವರಿಯಲ್ಲಿ ಶಾಂಘೈನ ವಿಜ್ಞಾನಿ ಝಾಂಗ್ ಯೋಂಗ್‌ಝೆನ್ ತಂಡದ ಪರವಾಗಿ ಕೊರೊನಾ ವೈರಸ್ಸಿನ ಜೀನೋಮ್ ಅಂತರ್ಜಾಲಕ್ಕೆ ಬಂತು. ಆ ಅಕ್ಷರಗಳನ್ನು ನೋಡಿಕೊಂಡೇ ಅಮೆರಿಕದ ಮಾಡರ್ನಾ ಕಂಪನಿ ತನ್ನ ಲಸಿಕೆಯ ವಿನ್ಯಾಸ ಮಾಡಿತು, ಮಾರ್ಚ್ 16ಕ್ಕೆ ಅದನ್ನು ಮನುಷ್ಯರಿಗೆ ಕೊಟ್ಟು ಪ್ರಯೋಗ ಶುರುವಾಯಿತು. ಝಾಂಗ್ ಅವರ ಲ್ಯಾಬಿಗೆ? ಮಾಹಿತಿ ಹೊರಬಂದ ಮರುದಿನವೇ "ಸರಿಪಡಿಸಿಕೊಳ್ಳಿ" ಎಂದು ಬಾಗಿಲು ಮುಚ್ಚುವ ಆದೇಶ. ಇಲ್ಲಿಯೂ ಪೆಟ್ಟು ತಿಂದವರು ಕೊಟ್ಟವರೇ.

ಇಂಡೋನೇಷ್ಯಾ "ಕೊಡಲ್ಲ" ಎಂದಾಗ

ಜಗಳ ಕೋವಿಡ್‌ನಿಂದ ಶುರುವಾದದ್ದಲ್ಲ. 2007ರಲ್ಲಿ ಇಂಡೋನೇಷ್ಯಾದಲ್ಲಿ ಹಕ್ಕಿಜ್ವರ ಜನರ ಜೀವ ತೆಗೆಯುತ್ತಿತ್ತು. ಫ್ಲೂ (ಇನ್‌ಫ್ಲುಯೆಂಜಾ) ಜ್ವರದ ವೈರಸ್ ಮಾದರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಜಾಲಕ್ಕೆ ಕಳಿಸುವುದು ಎಲ್ಲ ದೇಶಗಳ ರೂಢಿ. ಇಂಡೋನೇಷ್ಯಾವೂ ಕಳಿಸಿತ್ತು. ಆಮೇಲೆ ತಿಳಿಯಿತು, ಆ ಮಾದರಿಯಿಂದಲೇ ಆಸ್ಟ್ರೇಲಿಯಾದ ಕಂಪನಿಯೊಂದು ಲಸಿಕೆ ಮಾಡುತ್ತಿದೆ ಎಂದು. ಆ ಲಸಿಕೆಯನ್ನು ಇಂಡೋನೇಷ್ಯಾ ದುಡ್ಡು ಕೊಟ್ಟು, ಸಾಲಿನಲ್ಲಿ ನಿಂತು ಕೊಳ್ಳಬೇಕು. ಆಗಿನ ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿ ಮಾದರಿ ಕಳಿಸುವುದನ್ನೇ ನಿಲ್ಲಿಸಿದರು.

ರಾಣೆಬೆನ್ನೂರಿನ ಸುತ್ತ ಕಂಪನಿಗಳಿಗೆ ಬೀಜ ಬೆಳೆದುಕೊಡುವ ರೈತರಿಗೆ ಈ ಸಿಟ್ಟು ಬೇಗ ಅರ್ಥವಾಗುತ್ತದೆ. ತಾವೇ ಬೆಳೆದ ಬೀಜ ಕಂಪನಿಯ ಪ್ಯಾಕೆಟ್ಟಿನಲ್ಲಿ ತಿರುಗಿ ಬಂದಾಗ ಅದರ ಬೆಲೆ ಎಷ್ಟಿರುತ್ತದೆ ಎಂದು ಅವರಿಗೆ ಗೊತ್ತು.

ಸುಪಾರಿ ಮಾಡಿದ್ದು ಸರಿಯೋ ತಪ್ಪೋ? ಎರಡೂ ಹೌದು ಎನ್ನಬೇಕಾಗುತ್ತದೆ. ಮಾದರಿ ಬರದಿದ್ದರೆ ವೈರಸ್ ಹೇಗೆ ಬದಲಾಗುತ್ತಿದೆ ಎಂದು ಜಗತ್ತಿಗೆ ಕಾಣುವುದಿಲ್ಲ, ಆ ಅಪಾಯ ಇಂಡೋನೇಷ್ಯಾದ ಜನರಿಗೂ ಸೇರಿದ್ದೇ. ಆದರೆ ಅವರು ಹಠ ಹಿಡಿಯದಿದ್ದರೆ ನಿಯಮವೇ ಹುಟ್ಟುತ್ತಿರಲಿಲ್ಲ. ನಾಲ್ಕು ವರ್ಷ ಎಳೆದಾಡಿ 2011ರಲ್ಲಿ ಒಂದು ಚೌಕಟ್ಟು ಬಂತು. ಮಾದರಿ ಪಡೆಯುವ ಲಸಿಕೆ ಕಂಪನಿಗಳು ಜಾಲ ನಡೆಸುವ ಖರ್ಚಿನಲ್ಲಿ ಪಾಲು ಕೊಡಬೇಕು, ಮಹಾಸಾಂಕ್ರಾಮಿಕ ಬಂದರೆ ಲಸಿಕೆ ಅಥವಾ ಔಷಧದಲ್ಲೂ ಒಂದು ಪಾಲು ಮೀಸಲಿಡಬೇಕು. ಒಂದೇ ಕೊರತೆ: ಅದು ಜ್ವರದ ಇನ್‌ಫ್ಲುಯೆಂಜಾ ವೈರಸ್ಸಿಗೆ ಮಾತ್ರ. ಕೊರೊನಾ ಬಂದಾಗ ಆ ಚೌಕಟ್ಟು ಉಪಯೋಗಕ್ಕೆ ಬರಲಿಲ್ಲ.

ಹೊಸ ಒಪ್ಪಂದ ಹೇಳುವುದೇನು

2025ರ ಮೇ 20ರಂದು ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಮಹಾಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿದವು. ಹಿಂದಿನ ದಿನ ಸಮಿತಿಯಲ್ಲಿ ನಡೆದ ಮತದಾನದಲ್ಲಿ 124 ದೇಶಗಳು ಪರ, 11 ತಟಸ್ಥ, ವಿರೋಧ ಒಂದೂ ಇಲ್ಲ. ಅಮೆರಿಕ ಮಾತುಕತೆಯಿಂದ ಆಗಲೇ ಎದ್ದು ಹೋಗಿತ್ತು.

ಮೊದಲು ಆ ವಾಟ್ಸಾಪ್ ಸಂದೇಶದ ವಿಷಯ ಮುಗಿಸೋಣ. ಯಾವುದೇ ದೇಶದ ಕಾನೂನು ಬದಲಿಸುವ, ಲಾಕ್‌ಡೌನ್ ಹೇರುವ, ಲಸಿಕೆ ಕಡ್ಡಾಯ ಮಾಡುವ, ಪ್ರಯಾಣ ನಿಷೇಧಿಸುವ ಅಧಿಕಾರ ವಿಶ್ವ ಆರೋಗ್ಯ ಸಂಸ್ಥೆಗೆ ಇಲ್ಲ ಎಂದು ಒಪ್ಪಂದದಲ್ಲೇ ಬರೆದಿದೆ. ಆ ಭಯಕ್ಕೆ ಆಧಾರ ಇಲ್ಲ.

ಒಪ್ಪಂದದ ಜೀವ ಇರುವುದು 12ನೇ ಕಲಮಿನಲ್ಲಿ. ಅಲ್ಲಿನ ಕರಾರು ಸರಳ. ದೇಶಗಳು ಅಪಾಯಕಾರಿ ರೋಗಾಣುವಿನ ಮಾದರಿ ಮತ್ತು ಜೀನೋಮ್ ಮಾಹಿತಿಯನ್ನು ಬೇಗ ಕೊಡಬೇಕು. ಈ ವ್ಯವಸ್ಥೆಗೆ ಸೇರುವ ಕಂಪನಿಗಳು ಮಹಾಸಾಂಕ್ರಾಮಿಕ ಬಂದಾಗ ತಾವು ಮಾಡುವ ಲಸಿಕೆ, ಔಷಧ, ಪರೀಕ್ಷೆ ಕಿಟ್‌ಗಳಲ್ಲಿ 20% ಪಾಲನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸುವ ಗುರಿ ಇಟ್ಟುಕೊಳ್ಳಬೇಕು. ಅದರಲ್ಲಿ ಕನಿಷ್ಠ 10% ಪುಕ್ಕಟೆ, ಉಳಿದದ್ದು ಕೈಗೆಟುಕುವ ಬೆಲೆಗೆ. ಕೊಡುವುದೂ ಪಡೆಯುವುದೂ ಒಂದೇ ಕರಾರಿನಲ್ಲಿ ಕಟ್ಟಿಟ್ಟಿರುವುದು ಇದರ ವಿಶೇಷ.

ಆದರೆ ಇದನ್ನು ನಡೆಸುವುದು ಹೇಗೆ ಎಂಬ ವಿವರ ಇರಬೇಕಾದದ್ದು ಅನುಬಂಧದಲ್ಲಿ. ಅದನ್ನು ಆಮೇಲೆ ಬರೆಯೋಣ, 2026ರ ಮೇ ಸಭೆಗೆ ತರೋಣ ಎಂದು ಪಕ್ಕಕ್ಕಿಟ್ಟರು. ಅನುಬಂಧ ಒಪ್ಪಿಗೆಯಾಗದೆ ಒಪ್ಪಂದ ಸಹಿಗೇ ತೆರೆಯುವುದಿಲ್ಲ. ಸಹಿಯಾದ ಮೇಲೂ 60 ದೇಶಗಳು ತಂತಮ್ಮಲ್ಲಿ ಅನುಮೋದಿಸಬೇಕು. ಅದಕ್ಕೇ "ಒಪ್ಪಂದ ಆಯಿತು" ಮತ್ತು "ಆಗಿಲ್ಲ" ಎರಡೂ ಸುದ್ದಿ ನಿಜ.

ಯಾರ ವಾದ ಏನು

ಶ್ರೀಮಂತ ದೇಶಗಳು ಮತ್ತು ದೊಡ್ಡ ಔಷಧ ಕಂಪನಿಗಳ ಮಾತು ಹೀಗಿದೆ: ರೋಗ ಹರಡುವಾಗ ಒಂದೊಂದು ದಿನವೂ ಮುಖ್ಯ, ಮಾದರಿ ಕೊಡುವ ಮೊದಲು ಕರಾರು ಪತ್ರ, ಷರತ್ತು ಅಂತ ಕುಳಿತರೆ ವಿಜ್ಞಾನ ನಿಧಾನ ಆಗುತ್ತದೆ, ಅತಿಯಾದ ಹೊರೆ ಹಾಕಿದರೆ ಹೊಸ ಲಸಿಕೆಗೆ ದುಡ್ಡು ಹಾಕುವವರು ಹಿಂದೆ ಸರಿಯುತ್ತಾರೆ. ಇದರಲ್ಲಿ ಸತ್ಯ ಇಲ್ಲವೆಂದಲ್ಲ. ಡೇಟಾ ತೆರೆದಿದ್ದರಿಂದಲೇ ಕೋವಿಡ್ ಲಸಿಕೆ ಒಂದೇ ವರ್ಷದಲ್ಲಿ ಬಂತು.

ಆಫ್ರಿಕಾದ ಮತ್ತು ಇತರ ಬಡ ದೇಶಗಳ ಮಾತು ಇನ್ನೊಂದು. ನಾವು ತಕ್ಷಣ ಕೊಡಬೇಕು ಅನ್ನುವುದಕ್ಕೆ ಗಡಿಯಾರ ಇದೆ, ನಮಗೆ ತಿರುಗಿ ಬರಬೇಕಾದದ್ದಕ್ಕೆ ಮಾತ್ರ "ಸಾಧ್ಯವಾದರೆ" ಎಂಬ ಪದ ಯಾಕೆ? ಜೀನೋಮ್ ಮಾಹಿತಿಯನ್ನು ಯಾರು ಇಳಿಸಿಕೊಂಡರು, ಅದರಿಂದ ಏನು ಮಾಡಿದರು ಎಂಬ ಲೆಕ್ಕ ಇಡದಿದ್ದರೆ ಪಾಲು ಕೇಳುವುದಾದರೂ ಯಾರ ಹತ್ತಿರ? ಅಕ್ಷರಗಳಿಂದಲೇ ಲಸಿಕೆ ಮಾಡಬಹುದಾದ ಕಾಲದಲ್ಲಿ ಬಾಟಲಿಗೆ ಮಾತ್ರ ನಿಯಮ ಮಾಡಿದರೆ ಬಾಗಿಲು ಹಾಕಿ ಗೋಡೆ ಬಿಟ್ಟ ಹಾಗೆ. ನನಗೆ ಈ ವಾದದ ತೂಕವೇ ಜಾಸ್ತಿ ಅನಿಸುತ್ತದೆ. ಕೊಟ್ಟವರಿಗೆ ಪ್ರತಿ ಸಲ ನಷ್ಟವೇ ಆಗುತ್ತಿದ್ದರೆ ಮುಂದಿನ ಸಲ ಅವರು ಒಂದು ವಾರ ಯೋಚಿಸುತ್ತಾರೆ. ಆ ಒಂದು ವಾರ ವೈರಸ್ಸಿಗೆ ಸಾಕು.

ನಾವು ಯಾವ ಕಡೆ? ಭಾರತ ಎರಡೂ ಕಡೆ ಇದೆ. ಇಲ್ಲಿ ರೋಗವೂ ಇದೆ, ಜಗತ್ತಿಗೆ ಲಸಿಕೆ ಮಾಡುವ ಕಾರ್ಖಾನೆಗಳೂ ಇವೆ. 2021ರಲ್ಲಿ ಪುಣೆಯ ಸೀರಮ್ ಸಂಸ್ಥೆಯಿಂದ ಬರುವ ಆಸ್ಟ್ರಾಜೆನೆಕಾ ಲಸಿಕೆಗೆ ದಕ್ಷಿಣ ಆಫ್ರಿಕಾ ಡೋಸಿಗೆ 5.25 ಡಾಲರ್ ಕೊಟ್ಟಿತು, ಯುರೋಪ್ ಒಕ್ಕೂಟ ಅದೇ ಲಸಿಕೆಗೆ ಕೊಟ್ಟದ್ದು ಎರಡು ಡಾಲರ್ ಚಿಲ್ಲರೆ. ಯುರೋಪ್ ಸಂಶೋಧನೆಗೆ ದುಡ್ಡು ಹಾಕಿದೆ ಎಂಬುದು ಕಾರಣ. ಆದರೆ ಆ ಲಸಿಕೆಯ ಪ್ರಯೋಗಕ್ಕೆ ದಕ್ಷಿಣ ಆಫ್ರಿಕಾದ ಸುಮಾರು 2,000 ಜನ ತೋಳು ಕೊಟ್ಟಿದ್ದರು. ಅದು ಲೆಕ್ಕಕ್ಕೆ ಬರಲಿಲ್ಲ. ಎರಡನೇ ಅಲೆ ಬಂದಾಗ ನಾವು ರಫ್ತು ನಿಲ್ಲಿಸಿದೆವು. ನಮ್ಮ ಜನ ಸಾಯುತ್ತಿದ್ದಾಗ ಬೇರೆ ದಾರಿ ಇರಲಿಲ್ಲ, ನಿಜ. ನಮ್ಮ ಡೋಸನ್ನೇ ನಂಬಿ ಕೂತಿದ್ದ ಆಫ್ರಿಕಾದ ದೇಶಗಳಿಗೂ ಬೇರೆ ದಾರಿ ಇರಲಿಲ್ಲ.

ಪ್ಲಾಸ್ಮಾ ಮತ್ತು ಡೆಕ್ಸಾ: ಹುಬ್ಬಳ್ಳಿಗೆ ತಟ್ಟುವ ಭಾಗ

ಮಾದರಿ, ಜೀನೋಮ್ ಎಲ್ಲ ದೂರದ ಮಾತು ಅನಿಸಬಹುದು. ಮೂರನೆಯ ಸಾಮಾನು, ಅಂದರೆ ಚಿಕಿತ್ಸೆಯ ಫಲಿತಾಂಶ, ನೇರವಾಗಿ ವಾರ್ಡಿನ ಹಾಸಿಗೆಗೆ ಬರುತ್ತದೆ.

2020ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ನಡೆದ ಪ್ಲಾಸ್ಮಾ ಚಿಕಿತ್ಸೆ ರಾಜ್ಯದ ತುಂಬ ಸುದ್ದಿಯಾಯಿತು. ಆಗ ಜಗತ್ತಿನಲ್ಲಿ ಯಾರಿಗೂ ಅದರ ಬಗ್ಗೆ ಖಚಿತ ಉತ್ತರ ಗೊತ್ತಿರಲಿಲ್ಲ. ಗುಣವಾದವರ ರಕ್ತದ ಪ್ಲಾಸ್ಮಾ ಕೊಟ್ಟರೆ ಇನ್ನೊಬ್ಬರು ಉಳಿಯಬಹುದು ಎಂಬುದು ಒಳ್ಳೆಯ ಊಹೆಯೇ. ಒಬ್ಬ ರೋಗಿ ಗುಣವಾದರೆ ಪ್ಲಾಸ್ಮಾದಿಂದಲೇ ಆಯಿತೋ, ಹಾಗೆಯೇ ಆಗುತ್ತಿತ್ತೋ ಹೇಳಲು ಆಗುವುದಿಲ್ಲ. ಅದಕ್ಕೆ ದೊಡ್ಡ ಪ್ರಯೋಗ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಮ್ಮಲ್ಲೇ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಆ ಪ್ರಯೋಗ ಮಾಡಿತು. ಸಾವು ಕಡಿಮೆಯಾಗಲಿಲ್ಲ ಎಂಬ ಫಲಿತಾಂಶ 2020ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ 11,558 ರೋಗಿಗಳು, ಅಲ್ಲಿಯೂ ಅದೇ ಉತ್ತರ. ಆದರೂ ನಮ್ಮ ಚಿಕಿತ್ಸಾ ಸೂತ್ರದಿಂದ ಪ್ಲಾಸ್ಮಾ ಬಿಟ್ಟದ್ದು 2021ರ ಮೇ 17ಕ್ಕೆ. ನಡುವೆ ಏಳು ತಿಂಗಳು, ಅದರಲ್ಲಿ ಎರಡನೇ ಅಲೆಯ ಅತಿ ಕೆಟ್ಟ ದಿನಗಳು. ಎಷ್ಟು ಮನೆಯವರು ಆಗ ರಾತ್ರಿಯಿಡೀ ಪ್ಲಾಸ್ಮಾ ದಾನಿಗಳನ್ನು ಹುಡುಕುತ್ತ ಅಲೆದರು, ನೆನಪು ಮಾಡಿಕೊಳ್ಳಿ. ಫಲಿತಾಂಶ ನಮ್ಮದೇ ದೇಶದಲ್ಲಿ ಹುಟ್ಟಿದ್ದು. ಅದಕ್ಕೆ ಗಡಿ ದಾಟುವ ಕೆಲಸವೇ ಇರಲಿಲ್ಲ, ಆದರೂ ವಾರ್ಡಿನವರೆಗೆ ಬರಲು ಅಷ್ಟು ದಿನ ಹಿಡಿಯಿತು.

ಡೆಕ್ಸಾಮೆಥಾಸೋನ್ ಕಥೆ ಬೇರೆ. ಇದು ಯಾವ ಮೆಡಿಕಲ್ ಶಾಪ್‌ನಲ್ಲಾದರೂ ಸಿಗುವ ಹಳೆಯ, ಅಗ್ಗದ ಸ್ಟಿರಾಯ್ಡ್. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರನೇ ಒಂದರಷ್ಟು, ಆಕ್ಸಿಜನ್ ಮೇಲಿದ್ದವರಲ್ಲಿ ಐದನೇ ಒಂದರಷ್ಟು ಕಡಿಮೆಯಾಯಿತು ಎಂದು ರಿಕವರಿ ತಂಡ 2020ರ ಜೂನ್ 16ರಂದು ಪ್ರಕಟಿಸಿತು. ಜರ್ನಲ್ಲಿನಲ್ಲಿ ಬರುವವರೆಗೂ ಕಾಯಲಿಲ್ಲ. ಜೂನ್ 27ಕ್ಕೆ ನಮ್ಮ ಆರೋಗ್ಯ ಸಚಿವಾಲಯದ ಚಿಕಿತ್ಸಾ ಸೂತ್ರಕ್ಕೆ ಅದು ಸೇರಿತು. ಹನ್ನೊಂದೇ ದಿನ.

ಯಾಕೆ ಇಷ್ಟು ಬೇಗ? ಪೇಟೆಂಟ್ ಇಲ್ಲ, ಔಷಧ ಆಗಲೇ ಕಪಾಟಿನಲ್ಲಿದೆ, ಲೈಸೆನ್ಸ್ ಕೇಳಬೇಕಿಲ್ಲ. ಬರಬೇಕಾದದ್ದು ತಿಳಿವಳಿಕೆ ಮಾತ್ರ, ಅದು ಬಂತು.

ಆದರೆ ಪೂರ್ತಿ ಬರಲಿಲ್ಲ. ಅದೇ ಪ್ರಯೋಗ ಇನ್ನೊಂದು ಮಾತನ್ನೂ ಹೇಳಿತ್ತು: ಆಕ್ಸಿಜನ್ ಬೇಡದ ರೋಗಿಗೆ ಇದರಿಂದ ಲಾಭ ಇಲ್ಲ. "ಸ್ಟಿರಾಯ್ಡ್ ಕೆಲಸ ಮಾಡುತ್ತದೆ" ಎಂಬ ಅರ್ಧ ಮಾತು ಊರೂರಿಗೆ ಹೋಯಿತು, "ಯಾರಿಗೆ, ಯಾವಾಗ, ಎಷ್ಟು ದಿನ" ಎಂಬ ಇನ್ನರ್ಧ ದಾರಿಯಲ್ಲೇ ಉಳಿಯಿತು. ಎರಡನೇ ಅಲೆಯಲ್ಲಿ ಮನೆಯಲ್ಲೇ ಸ್ಟಿರಾಯ್ಡ್ ನುಂಗಿದವರು ಎಷ್ಟೋ. ಶುಗರ್ ಇದ್ದವರಿಗೆ ಸ್ಟಿರಾಯ್ಡ್ ಸೇರಿದಾಗ ಬ್ಲ್ಯಾಕ್ ಫಂಗಸ್‌ಗೆ ದಾರಿ ಸಲೀಸಾಯಿತು. ಸುತ್ತಲಿನ ಜಿಲ್ಲೆಗಳಿಂದ ಹುಬ್ಬಳ್ಳಿಗೆ ಬಂದ ಆ ರೋಗಿಗಳಲ್ಲಿ ಕಣ್ಣು ಕಳೆದುಕೊಂಡವರೂ ಇದ್ದರು.

ಬೇಗ ಹಂಚುವುದೇ ಒಳ್ಳೆಯದು ಎಂದುಕೊಂಡರೂ ತಪ್ಪಾಗುತ್ತದೆ. ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ಮಲೇರಿಯಾ ಔಷಧ ಹೈಡ್ರಾಕ್ಸಿಕ್ಲೋರೋಕ್ವಿನ್ ಅಪಾಯಕಾರಿ ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ 2020ರ ಮೇ 22ರಂದು ಲೇಖನ ಬಂತು, ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಆ ಭಾಗವನ್ನು ನಿಲ್ಲಿಸಿತು. ಮೂಲ ಡೇಟಾ ತೋರಿಸಿ ಎಂದು ಕೇಳಿದರೆ ಆ ಲೇಖನಕ್ಕೆ ಡೇಟಾ ಕೊಟ್ಟಿದ್ದ ಸರ್ಜಿಸ್ಫಿಯರ್ ಎಂಬ ಕಂಪನಿ ತೋರಿಸಲಿಲ್ಲ. ಜೂನ್ 4ಕ್ಕೆ ಲೇಖನ ವಾಪಸ್. ಆ ಔಷಧ ಕೆಲಸ ಮಾಡುವುದಿಲ್ಲ ಎಂದು ಆಮೇಲೆ ಬೇರೆ, ನಂಬಬಹುದಾದ ಪ್ರಯೋಗಗಳಿಂದ ತಿಳಿಯಿತು, ಅದು ಬೇರೆ ಮಾತು. ತೀರ್ಮಾನದ ಜೊತೆ ಅದರ ಹಿಂದಿನ ಡೇಟಾವೂ ಬರದಿದ್ದರೆ ಪರೀಕ್ಷಿಸುವುದು ಹೇಗೆ?

ತಿಳಿದರೆ ಸಾಲದು, ಮಾತ್ರೆಯೂ ಬೇಕು

ಔಷಧಕ್ಕೆ ಬಗ್ಗದ ಟಿಬಿಯನ್ನು ನೋಡಿ. ಹಳೆಯ ಚಿಕಿತ್ಸೆ 20 ತಿಂಗಳವರೆಗೂ ಎಳೆಯುತ್ತಿತ್ತು. ಬೆಲಾರಸ್, ಉಜ್ಬೇಕಿಸ್ತಾನ್, ದಕ್ಷಿಣ ಆಫ್ರಿಕಾದಲ್ಲಿ ನಡೆದ ಪ್ರಯೋಗ ಆರೇ ತಿಂಗಳ ಮಾತ್ರೆಗಳಿಂದ ಅದನ್ನು ಗುಣಪಡಿಸಬಹುದು ಎಂದು ತೋರಿಸಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು, ನಮ್ಮಲ್ಲಿ ಒಪ್ಪಿಗೆ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ. ಆ ಮಾತ್ರೆಗಳಲ್ಲಿ ಮುಖ್ಯವಾದ ಬೆಡಾಕ್ವಿಲಿನ್‌ಗೆ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಪೇಟೆಂಟ್ ಇತ್ತು, ಅದನ್ನು ಇನ್ನೂ ನಾಲ್ಕು ವರ್ಷ ಎಳೆಯಲು ಕಂಪನಿ ಅರ್ಜಿ ಹಾಕಿತ್ತು. ಅದಕ್ಕೆ ತಕರಾರು ಸಲ್ಲಿಸಿದವರು ಟಿಬಿಯಿಂದ ಬದುಕಿ ಬಂದ ಇಬ್ಬರು ಮಹಿಳೆಯರು, ಭಾರತದ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಝಾ ತಿಸಿಲೆ. ಹಳೆಯ ಔಷಧದ ವಿಷದಿಂದ ಇಬ್ಬರೂ ಕಿವಿ ಕಳೆದುಕೊಂಡಿದ್ದರು. 2023ರ ಮಾರ್ಚ್‌ನಲ್ಲಿ ಕಂಪನಿಯ ಅರ್ಜಿ ಬಿದ್ದುಹೋಯಿತು, ಅಗ್ಗದ ಮಾತ್ರೆಗೆ ದಾರಿ ಆಯಿತು.

ಓದಲು ಸಿಗುತ್ತದೆಯೇ?

ಜರ್ನಲ್‌ಗಳಿಗೆ ಚಂದಾ ಕಟ್ಟದೆ ಪ್ರಬಂಧ ಓದಲು ಆಗದು ಎಂಬುದು ಹಳೆಯ ಕಷ್ಟ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ "ಒಂದು ರಾಷ್ಟ್ರ ಒಂದು ಚಂದಾ" ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಕರ್ನಾಟಕ ವಿಶ್ವವಿದ್ಯಾಲಯ, ಐಐಟಿ ಧಾರವಾಡದಂಥ ಸರ್ಕಾರಿ ಸಂಸ್ಥೆಗಳವರಿಗೆ ಇದು ದೊಡ್ಡ ಅನುಕೂಲ. ಆದರೆ ಖಾಸಗಿ ಕಾಲೇಜುಗಳು ಮೊದಲ ಹಂತದಲ್ಲಿ ಇಲ್ಲ. ನವಲಗುಂದದಲ್ಲೋ ಶಿರಹಟ್ಟಿಯಲ್ಲೋ ಸ್ವಂತ ಕ್ಲಿನಿಕ್ ಇಟ್ಟುಕೊಂಡ ಡಾಕ್ಟರಂತೂ ಪೂರ್ತಿ ಹೊರಗೆ. ಅರ್ಧ ಮಾತು ಮಾತ್ರ ತಲುಪುವುದು ಯಾಕೆ ಎಂಬುದಕ್ಕೆ ಇದೂ ಒಂದು ಕಾರಣ.

ಅಮೆರಿಕದ ನಡೆ ಇಲ್ಲಿ ಎರಡು ಥರ ಇದೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ದುಡ್ಡಿನಲ್ಲಿ ಆದ ಸಂಶೋಧನೆ 2025ರ ಜುಲೈನಿಂದ ಪ್ರಕಟವಾದ ದಿನವೇ ಎಲ್ಲರಿಗೂ ಉಚಿತವಾಗಿ ಸಿಗಬೇಕು ಎಂಬ ನಿಯಮ ಬಂತು. ಇದು ಸಂತೋಷದ ವಿಷಯ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಹೋಗುವ ಆದೇಶ, ಹೊರದೇಶದ ಸಹ ಸಂಶೋಧಕರಿಗೆ ಅನುದಾನ ಹಂಚುವುದಕ್ಕೆ ತಡೆ. ಸುಮಾರು 90 ದೇಶಗಳಲ್ಲಿ ತಾಯಿ ಮಕ್ಕಳ ಆರೋಗ್ಯ ಸಮೀಕ್ಷೆಗೆ ಬೆನ್ನೆಲುಬಾಗಿದ್ದ ಕಾರ್ಯಕ್ರಮಕ್ಕೂ ಅಮೆರಿಕದ ಹಣ ನಿಂತಿತು. ಮುಗಿದ ಸಂಶೋಧನೆ ಓದಲು ಸಿಗುತ್ತದೆ, ಹೊಸದನ್ನು ಜೊತೆಯಾಗಿ ಮಾಡುವ ದಾರಿ ಕಿರಿದಾಯಿತು.

ನಮ್ಮ ಕಡೆಯಿಂದ ಹೋಗುವುದು

ನಾವು ಬರೀ ಪಡೆಯುವವರಲ್ಲ. ಮಂಗಳೂರಿನ ವೈದ್ಯರಾದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಮಾಡಿದ ಅಧ್ಯಯನ ಇದಕ್ಕೆ ಸಾಕ್ಷಿ. ಟಿಬಿ ರೋಗಿಯ ಮನೆಯವರಿಗೆ ಅಕ್ಕಿ, ಬೇಳೆ ಇರುವ ಆಹಾರದ ಕಿಟ್ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಬರುವುದು 39% ಕಡಿಮೆಯಾಯಿತು. 2023ರಲ್ಲಿ ಪ್ರಕಟವಾದ ಇದನ್ನು ಜಗತ್ತೇ ಓದಿತು. ಇದಕ್ಕೆ ಪೇಟೆಂಟೂ ಇಲ್ಲ, ಕಾರ್ಖಾನೆಯೂ ಬೇಡ.

ಹಾಗಿದ್ದರೆ ಎಲ್ಲವನ್ನೂ ತೆರೆದಿಡೋಣವೇ? ಹೊರದೇಶದವರ ಜೊತೆ ಆರೋಗ್ಯ ಸಂಶೋಧನೆ ಮಾಡಲು, ಮಾದರಿ ಹೊರಗೆ ಕಳಿಸಲು ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ ಒಪ್ಪಬೇಕು. ತಡವಾಗುತ್ತದೆ ಎಂದು ಸಂಶೋಧಕರು ಬೇಸರಪಡುವುದುಂಟು. ಆದರೆ ಈ ಎಚ್ಚರಿಕೆ ಸುಮ್ನೆ ಹುಟ್ಟಿದ್ದಲ್ಲ. 1970ರ ದಶಕದಲ್ಲಿ ಅಮೆರಿಕದ ಹಣದಿಂದ ದೆಹಲಿಯಲ್ಲಿ ನಡೆಯುತ್ತಿದ್ದ ಸೊಳ್ಳೆ ಸಂಶೋಧನೆ ಯಾರ ಉಪಯೋಗಕ್ಕೆ ಎಂದು ಸಂಸತ್ತಿನ ಸಮಿತಿಯೇ ಪ್ರಶ್ನಿಸಿ, 1975ರಲ್ಲಿ ಅದು ನಿಂತಿತು.

ಇನ್ನೊಂದು ಕಡೆ, ಕೊಟ್ಟದ್ದು ಜಗತ್ತಿಗೆ ಉಪಯೋಗವಾದ ಹತ್ತಿರದ ಉದಾಹರಣೆ ಮಂಗನ ಕಾಯಿಲೆ. ಹಾನಗಲ್ ತಾಲ್ಲೂಕಿನ ಆಚೆ ಗಡಿ ದಾಟಿದರೆ ಸೊರಬ, ಅಲ್ಲಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಈ ವೈರಸ್ ಪತ್ತೆಯಾದದ್ದು. ಪುಣೆಯ ವೈರಸ್ ಕೇಂದ್ರ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಅದನ್ನು ಹಿಡಿದವು. 1990ರ ದಶಕದಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಹೊಸ ಜ್ವರ ಬಂದಾಗ ಅದರ ವೈರಸ್ ನಮ್ಮ ಕ್ಯಾಸನೂರಿನದರ ಹತ್ತಿರದ ಸಂಬಂಧಿ ಎಂದು ಗುರುತಿಸಲು ಆದದ್ದು ನಮ್ಮ ವೈರಸ್ಸಿನ ಮಾಹಿತಿ ಜಗತ್ತಿನ ಮುಂದಿದ್ದುದರಿಂದ.

ಜಿನೀವಾದ ಅನುಬಂಧ ನಾಳೆಯೇ ಜಾರಿಯಾದರೂ ಮಂಗನ ಕಾಯಿಲೆಗೆ ಅದರಿಂದ ಲಾಭ ಕಾಣುವುದಿಲ್ಲ. ಅದು ಜಗತ್ತಿಗೆಲ್ಲ ಹರಡಬಲ್ಲ ರೋಗಾಣುಗಳಿಗಾಗಿ ಮಾಡುತ್ತಿರುವ ವ್ಯವಸ್ಥೆ. ಉಣ್ಣೆ ಕಚ್ಚಿ ಬರುವ, ಮನುಷ್ಯರಿಂದ ಮನುಷ್ಯರಿಗೆ ದಾಟದ, ಪಶ್ಚಿಮ ಘಟ್ಟದ ಅಂಚಿನ ಜನರನ್ನಷ್ಟೇ ಕಾಡುವ ರೋಗಕ್ಕೆ 20% ಲಸಿಕೆ ಮೀಸಲಿಡುವ ವಿದೇಶಿ ಕಂಪನಿ ಯಾವುದೂ ಇಲ್ಲ, ಯಾಕೆಂದರೆ ಅದಕ್ಕೆ ಅಲ್ಲಿ ಮಾರುಕಟ್ಟೆ ಇಲ್ಲ. ಹಳೆಯ ಲಸಿಕೆ ಪರಿಣಾಮ ಸಾಲದೆ 2022ರಲ್ಲಿ ನಿಂತಿತು. ಹೊಸದನ್ನು ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸೇರಿ ಮಾಡುತ್ತಿವೆ. ಅದು ಬರುವವರೆಗೆ ಸೊರಬ, ಸಿದ್ದಾಪುರ, ಶಿರಸಿಯ ಕಾಡಂಚಿನವರು ಮೈಕೈಗೆ ಉಣ್ಣೆ ಹತ್ತದಂತೆ ಎಣ್ಣೆ ಹಚ್ಚಿಕೊಂಡೇ ಸೊಪ್ಪಿಗೆ, ಸೌದೆಗೆ ಹೋಗಬೇಕು.